100 ಕೆಜಿ ಶಟರಿಗೆ 600 ಕೆಜಿ ಮೋಟರ್ ಯಾಕೆ? ನನ್ನ ಅನುಭವ

ಗೋವಾದ ವಾಸ್ಕೋದಲ್ಲಿ ಮನೆಯ ಗ್ಯಾರೇಜ್ ಶಟರಿಗೆ ಮೋಟರ್ ಬೇಕು ಅಂದರೆ, ಶಟರ್ ಮೋಟರ್ ಕೂರಿಸುವ ನಮ್ಮ ಕಸುಬಿನವರದು ಒಂದೇ ಮಾತು. ಶಟರಿನ ಭಾರ ಹೊರುವ ಸ್ಪ್ರಿಂಗ್ ಕಿತ್ತು ಹಾಕಿ, 600 ಕೆಜಿ ಎತ್ತುವ, ಶಟರಿನ ಒಂದು ಪಕ್ಕಕ್ಕೆ ಕೂರುವ ಸೈಡ್ ಮೋಟರ್ ಕೂರಿಸಿ, ಚಿಂತೆ ಬಿಡಿ. ಅಂಗಡಿಗಳಿಗೆ ನಾನೂ ಹಾಗೇ ಹಾಕಿಕೊಡುತ್ತೇನೆ. ಮಾಂಗೋರ್ ಹಿಲ್‌ನ ನನ್ನ ಸ್ವಂತ ಮನೆಗೆ ಮಾತ್ರ ಸ್ಪ್ರಿಂಗ್ ಉಳಿಸಿಕೊಂಡು, ಶಟರ್ ಸುತ್ತುವ ಪೈಪಿನ ನಡುವೆಯೇ ಕೂರುವ ಸೆಂಟರ್ ಮೋಟರ್ ಹಾಕಿದೆ. "ಅಣ್ಣಾರ, ಒಂದು ಮಳಿಗಾಲ ದಾಟಂಗಿಲ್ಲ ಇದು" ಅಂದಿದ್ದ ಧಾರವಾಡದ ಕಡೆಯ ಗೆಳೆಯ. ಮೂರನೆಯ ಮಳೆಗಾಲ ಮುಗಿಯಿತು, ಇನ್ನೂ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು 9 ಅಡಿ ಅಗಲ, 8 ಅಡಿ ಎತ್ತರ, 18 ಗೇಜ್ ದಪ್ಪದ ತಗಡಿನ ಪಟ್ಟಿ. ಕೆಳಗಿನ ಆಂಗಲ್ ಸೇರಿ 100 ಕೆಜಿ ಆಸುಪಾಸು. ಮೊದಲು ಗಿರಾಕಿಯೊಬ್ಬರ ಮನೆಯಿಂದ ಬಿಚ್ಚಿ ತಂದಿದ್ದ 400 ಕೆಜಿಯ ಸೈಡ್ ಮೋಟರ್ ಇಟ್ಟು ನೋಡಿದೆ. ಬೆಳಿಗ್ಗೆ ಚೆನ್ನಾಗಿ ಎತ್ತುತ್ತಿತ್ತು. ಸಂಜೆ ಏಳಕ್ಕೆ ಗುಂಯ್ ಅನ್ನುತ್ತಾ ಅಲ್ಲೇ ನಿಲ್ಲುತ್ತಿತ್ತು. ಮೀಟರ್ ಹಿಡಿದರೆ 185 ವೋಲ್ಟ್. ಸಿಂಗಲ್ ಫೇಸ್ ಮೋಟರಿನ ಎಳೆತ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಇಳಿಯುತ್ತದೆ, ಗೊತ್ತಲ್ಲ. 230ರಲ್ಲಿ ನೂರಿದ್ದದ್ದು 185ಕ್ಕೆ ಬಂದಾಗ 65. ಮೋಟರ್ ಶುರುವಾಗಲು ಒತ್ತು ಕೊಡುವ ಕೆಪಾಸಿಟರ್ ಹಳೆಯದು ಬೇರೆ, ಕೊನೆಗೆ ಹೊಟ್ಟೆ ಉಬ್ಬಿಸಿಕೊಂಡು ಕೂತಿತು.

ಇನ್ನೊಂದು ತಾಪತ್ರಯ ಕರೆಂಟ್ ಹೋದಾಗ. ಸೈಡ್ ಮೋಟರಿನ ಕೈಚೈನು ಎಳೆದೆಳೆದು ಅವ್ವನ ಭುಜ ಹಿಡಿದುಕೊಂಡಿತು. ಜೂನಿನಲ್ಲಿ ಇಲ್ಲಿ ಗಾಳಿ ಎದ್ದರೆ ಲೈನ್ ಹೋಗುವುದು ಮಾಮೂಲು. ದೊಡ್ಡ ಮೋಟರ್ ತಂದರೆ ಎರಡೂ ಸರಿಹೋಗುತ್ತದೆ ಅಂದರು. ಎತ್ತುವುದೇನೋ ಎತ್ತೀತು. ಕೈಚೈನು ಹಗುರ ಆಗುತ್ತದಾ?

ನನ್ನ ಲೆಕ್ಕ ಬೇರೆ. ಭಾರವನ್ನು ಸ್ಪ್ರಿಂಗ್ ಹೊರಲಿ, ಮೋಟರ್ ಸುಮ್ನೆ ತಳ್ಳಲಿ. ಆಗ ವೋಲ್ಟೇಜ್ ಇಳಿದರೂ ನಡೆಯುತ್ತದೆ. ಕರೆಂಟ್ ಹೋದರೆ ಮೋಟರಿನ ಹಿಡಿತ ಬಿಡಿಸುವ ರಿಲೀಸ್ ಕೇಬಲ್ ಎಳೆದು ಒಂದು ಕೈಯಲ್ಲಿ ಎತ್ತಬಹುದು. ಇದಕ್ಕೆ ಒಂದೇ ಷರತ್ತು: ಮೋಟರ್ ಬಿಟ್ಟು ಶಟರನ್ನು ಎದೆಯ ಮಟ್ಟಕ್ಕೆ ಎತ್ತಿ ಕೈ ತೆಗೆದರೆ ಅಲ್ಲೇ ನಿಲ್ಲಬೇಕು. ಏರಲೂ ಬಾರದು, ಜಾರಲೂ ಬಾರದು.

ದುಡ್ಡು ಕರಗಿದ್ದು ಇಲ್ಲೇ. ಮಾರ್ಕೆಟ್ಟಿನ ಮಾಮೂಲಿ ಸ್ಪ್ರಿಂಗ್ ಮೂರು ತಂದೆ, ಸುಮಾರು ಮೂರೂವರೆ ಸಾವಿರ. ಒಂದು ಮಳೆಗಾಲದಲ್ಲಿ ಬಿಗಿ ಸತ್ತುಹೋಯಿತು. ಶಟರ್ ಎದೆಯಿಂದ ಮೊಣಕಾಲಿಗೆ ಮೆಲ್ಲಗೆ ಜಾರುತ್ತಿತ್ತು. ಗೆಳೆಯ ನಕ್ಕ. ಎರಡನೆಯ ಸಲ ದಪ್ಪ ಪಟ್ಟಿಯ ಸ್ಪ್ರಿಂಗ್ ಹೇಳಿ ಮಾಡಿಸಿದೆ, ಐದು ಸಾವಿರದ ಮೇಲಾಯಿತು. ಸುತ್ತುವ ಮುಂಚೆ ಅದಕ್ಕೆ ಏನು ಬಳಿದೆ, ಎಷ್ಟು ಸುತ್ತು ಜಾಸ್ತಿ ಕೊಟ್ಟೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು ಅಲ್ವಾ.

ಮೋಟರ್ ಹದಿನಾಲ್ಕು ಸಾವಿರದ ಆಸುಪಾಸು. ಶಟರಿನ 48 ಎಂಎಂ ಪೈಪಿಗೆ ಅದನ್ನು ಹೊಂದಿಸುವ ಬುಷ್ ಜತೆಗೇ ಬಂತು.

ಶಟರಿನ ಅಂಚು ಜಾರುವ ಗೈಡ್ ಚಾನೆಲ್ಲಿಗೆ ಗ್ರೀಸ್ ಹಾಕುವವರು ಇನ್ನೂ ಇದ್ದಾರೆ. ಇಲ್ಲಿಯ ಕೆಂಪು ಧೂಳು ಗ್ರೀಸಿಗೆ ಮೆತ್ತಿ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ನಾನು ಒಂದು ಬದಿಗೆ ಸಿಲಿಕಾನ್ ಸ್ಪ್ರೇ, ಇನ್ನೊಂದು ಬದಿಗೆ ಹತ್ತು ರೂಪಾಯಿಯ ಮೇಣದಬತ್ತಿ ಉಜ್ಜಿ ಒಂದು ಬೇಸಿಗೆ ಬಿಟ್ಟೆ. ಮೇಣವೇ ಗೆದ್ದಿತು. ಮಳೆಗಾಲದಲ್ಲಿ ಸ್ಪ್ರೇ ವಾಸಿ. ಈಗ ಕಾಲಕ್ಕೆ ತಕ್ಕಂತೆ ಎರಡೂ.

ಶಟರಿನ ಅಡಿ ಯಾರಾದರೂ ಅಡ್ಡ ಬಂದರೆ ಇಳಿಯದಂತೆ ತಡೆಯುವ ಸೆನ್ಸರ್ ಬೇಡ, ದಂಡದ ಖರ್ಚು ಅನ್ನುವವರ ಮಾತು ಕೇಳಬೇಡಿ. ಅಮೆರಿಕದಲ್ಲಿ ಮನೆಯ ಗ್ಯಾರೇಜ್ ಬಾಗಿಲು ತೆಗೆಯುವ ಮೋಟರ್‌ಗಳಿಗೆ, ಅಂದರೆ ಓಪನರ್‌ಗಳಿಗೆ, 1993ರಿಂದ ಅದು ಕಡ್ಡಾಯ. ಅವರ ಚಾವಣಿಯ ಓಪನರ್ ನಮ್ಮ ಸುತ್ತುವ ಶಟರಿಗೆ ಕೂರಲ್ಲ, ಆದರೆ ಈ ಒಂದು ಬುದ್ಧಿ ಕಲಿಯಬಹುದು. ನಮ್ಮ ಮನೆಯಲ್ಲಿ ಸೆನ್ಸರ್ ಸಂಜೆ ಐದೂವರೆಗೆ ಮಾತ್ರ ಹಟ ಮಾಡುತ್ತಿತ್ತು. ಶಟರ್ ಇಳಿಯುತ್ತಲೇ ಇರಲಿಲ್ಲ. ವೈರಿಂಗ್ ಎಲ್ಲ ತಡಕಿದ ಮೇಲೆ ಗೊತ್ತಾಯಿತು, ಇಳಿಬಿಸಿಲು ನೇರವಾಗಿ ಸೆನ್ಸರಿನ ಕಿರಣ ಹಿಡಿಯುವ ರಿಸೀವರಿನ ಕಣ್ಣಿಗೇ ಹೊಡೆಯುತ್ತಿದೆ. ರಿಸೀವರನ್ನು ಎದುರು ಬದಿಗೆ ಕೂರಿಸಿ, ಕಳಿಸುವ ಕಣ್ಣನ್ನು ಈ ಬದಿಗೆ ತಂದೆ. ಒಂದು ಪೈಸೆ ಖರ್ಚಿಲ್ಲ.

ಮೋಟರ್ ಜತೆ ಬಂದ ರಿಮೋಟ್ ಪುಟ್ಟ ಪುಟ್ಟ ಸ್ವಿಚ್ಚುಗಳಿಂದ ಕೋಡ್ ಹೊಂದಿಸುವ ಹಳೇ ನಮೂನೆಯದು. ಪಕ್ಕದ ಮನೆಯವರು ಗೇಟು ತೆಗೆದರೆ ನಮ್ಮ ಶಟರೂ ಏರತೊಡಗಿತು. ಎರಡೂ ಕಡೆ ಕಾರ್ಖಾನೆಯ ಸೆಟ್ಟಿಂಗೇ ಇತ್ತು ನೋಡಿ. ಒಂದೂವರೆ ಸಾವಿರ ಕೊಟ್ಟು ಪ್ರತಿ ಸಲ ಕೋಡ್ ಬದಲಿಸುವ ರಿಮೋಟ್ ಹಾಕಿದೆ. ಫೋನಿನಿಂದ ತೆಗೆಯುವ ವೈಫೈ ಮಾಡ್ಯೂಲನ್ನೂ ಕೂರಿಸಿ ನೋಡಿದೆ. ಕೆಂಪಿರುವೆ ಪೆಟ್ಟಿಗೆಯೊಳಗೆ ಸಂಸಾರ ಹೂಡಿ ರಿಲೇಯ ನಡುವೆ ಮೊಟ್ಟೆ ಇಟ್ಟವು. ಮಾಡ್ಯೂಲ್ ಹೋಯಿತು, ಮತ್ತೆ ತರಲಿಲ್ಲ. ಈಗ ಮೋಟರಿನ ಕಂಟ್ರೋಲ್ ಬೋರ್ಡ್ ಮನೆಯ ಒಳಗೋಡೆಗೆ ಹೋಗಿದೆ, ವೈರಿನ ತೂತಿಗೆಲ್ಲ ಸಿಲಿಕಾನ್ ತುಂಬಿದ್ದೇನೆ.

ಇನ್ವರ್ಟರಿನಲ್ಲಿ ಓಡಿಸುವವರು ಸೈನ್ ವೇವ್‌ನದೇ ತನ್ನಿ. ಚೌಕ ಅಲೆಯದರಲ್ಲಿ ಮೋಟರ್ ಗೊರಗೊರ ಅಂದು ಕಾದುಹೋಗುತ್ತದೆ.

ಕೆಟ್ಟ ಸ್ಪ್ರಿಂಗ್, ಸತ್ತ ಮಾಡ್ಯೂಲ್ ಸೇರಿ ಇಪ್ಪತ್ತೇಳು ಸಾವಿರದ ಹತ್ರ ಹೋಯಿತು. ಅವು ಬಿಟ್ಟರೆ ಇಪ್ಪತ್ತೆರಡು. ಸೈಡ್ ಮೋಟರಿಗಿಂತ ಅಗ್ಗ ಅಂತ ಯಾರಿಗೂ ಹೇಳಬೇಡಿ, ಹೆಚ್ಚುಕಮ್ಮಿ ಅಷ್ಟೇ ಬೀಳುತ್ತದೆ. ಧಾರವಾಡದ ಗೆಳೆಯ ಹೋದ ತಿಂಗಳು ಮಡಗಾಂವ್‌ನ ಗಿರಾಕಿಯೊಬ್ಬರಿಗೆ ಇದೇ ನಮೂನೆ ಹಾಕಿದ. ಮೋಟರ್ ಅವನೇ ತಂದ, ಸ್ಪ್ರಿಂಗ್ ಸುತ್ತಲು ನನ್ನನ್ನು ಕರೆದ. ಕೂಲಿ ಬೇರೆಯೇ ತೆಗೆದುಕೊಂಡೆ.