ಪೆಂಡಾಲ್ ಕಟ್ಟುವವರ ಸುರಕ್ಷತೆಗೆ ನಾವು ಕಂಡುಕೊಂಡ ದಾರಿ

ಬೆಳಗಾವಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ರಾಜ್ಯೋತ್ಸವ ಆಚರಿಸಲು ಅನುಮತಿ ಸಿಕ್ಕಿತು. ಪತ್ರದಲ್ಲಿ ಧ್ವನಿವರ್ಧಕ, ಕಸ, ಗಿಡಗಳ ಕುರಿತು ಷರತ್ತುಗಳಿದ್ದವು. ಪೆಂಡಾಲ್ ಕಟ್ಟುವ ಕಾರ್ಮಿಕರ ಕುರಿತು ಒಂದು ಸಾಲೂ ಇರಲಿಲ್ಲ. ಬರಿಗಾಲಲ್ಲಿ ಕಂಬ ಏರುವ ಹುಡುಗರನ್ನು ದೇವರ ಮೇಲೆ ಭಾರ ಹಾಕಿ ಬಿಡಲು ನನಗೆ ಮನಸ್ಸಾಗಲಿಲ್ಲ.

ಗುತ್ತಿಗೆ ಕರಾರಿನಲ್ಲೇ ಬರೆಸಿದೆ: ಎತ್ತರ ಏರುವವರಿಗೆ ಹೆಲ್ಮೆಟ್, ಸುರಕ್ಷಾ ಬೆಲ್ಟ್, ಕತ್ತಲಾದ ಮೇಲೆ ಯಾರೂ ಏರುವಂತಿಲ್ಲ. ಇವಿಲ್ಲದಿದ್ದರೆ ಮುಂಗಡವೂ ಇಲ್ಲ ಎಂದ ಮೇಲೆ ಗುತ್ತಿಗೆದಾರರು ಒಪ್ಪಿದರು.

ದೊಡ್ಡ ಭಯ ವಿದ್ಯುತ್ತಿನದು. ಇಬ್ಬನಿಗೆ ನೆನೆದ ಹುಲ್ಲಿನ ಮೇಲೆಯೇ ತಂತಿ ಹಾಯುತ್ತದೆ. ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದು, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಿಂದ ಅರ್ತಿಂಗ್ ಮಾಡಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಎಂಬ ಸುರಕ್ಷಾ ಸ್ವಿಚ್ ಹಾಕಿಸಿದೆ. ಜೀವ ತೆಗೆಯುವಷ್ಟು ಸೋರಿದರೂ ಹೊರೆ ಹೆಚ್ಚಾದಾಗ ಅಥವಾ ಶಾರ್ಟ್ ಸರ್ಕ್ಯೂಟ್ ಆದಾಗ ವಿದ್ಯುತ್ ಕಡಿಯುವ ಬರಿಯ ಎಂಸಿಬಿ ಸ್ವಿಚ್ ಬೀಳದೆ ಇರಬಹುದು.

ಪೆಂಡಾಲ್ ಬಿಚ್ಚುವಾಗಲೂ ಇದೇ ಷರತ್ತುಗಳನ್ನು ಪಾಲಿಸಿದೆವು. ಮುಂದಿನ ಅನುಮತಿ ಪತ್ರಗಳಲ್ಲಿ ಇವನ್ನು ಸೇರಿಸಬೇಕೆಂದು ಲಿಖಿತ ಮನವಿಯನ್ನೂ ಸಲ್ಲಿಸಿದ್ದೇನೆ.