ಸಾಫ್ಟ್‌ಬಾಲ್: ಇಬ್ಬರೇ ಅಂಪೈರ್‌ಗಳಿದ್ದಾಗ ಪ್ಲೇಟ್ ಅಂಪೈರ್ ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು?

ಅಮೆರಿಕದ ಕಾಲೇಜು ಮಹಿಳಾ ಸಾಫ್ಟ್‌ಬಾಲ್‌ನಲ್ಲಿ ಬೇಸ್‌ನಿಂದ (ಓಟಗಾರ್ತಿ ಮುಟ್ಟುತ್ತಾ ಸಾಗಬೇಕಾದ ಠಾಣೆ) ಬೇಸ್‌ಗೆ 60 ಅಡಿ, ಚೆಂಡು ಎಸೆಯುವ ಪಿಚರ್‌ನಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 43 ಅಡಿ. ಅಂಕಣ ಚಿಕ್ಕದು, ಆಟ ಚುರುಕು. ಅಷ್ಟನ್ನೂ ಇಬ್ಬರೇ (ಹೋಮ್ ಪ್ಲೇಟ್ ಹಿಂದೆ ಪ್ಲೇಟ್ ಅಂಪೈರ್, ಬೇಸ್‌ಗಳ ಬಳಿ ಬೇಸ್ ಅಂಪೈರ್) ನೋಡಿಕೊಳ್ಳಬೇಕಾದಾಗ ಪ್ಲೇಟ್ ಅಂಪೈರ್ ಎಸೆತ ಸರಿಯಿದ್ದರೆ ಸ್ಟ್ರೈಕ್, ಇಲ್ಲದಿದ್ದರೆ ಬಾಲ್ ಎಂದು ಹೇಳಿ ಅಲ್ಲೇ ನಿಂತರೆ ಸಾಲದು.

ಮೊದಲು ನಿಲುವು ನೋಡೋಣ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ನ ನೇರ ಹಿಂದೆ ಬೇಡ. ಕ್ಯಾಚರ್‌ಗೂ ಬ್ಯಾಟರ್‌ಗೂ ನಡುವಿನ ಸಂದಿಯಲ್ಲಿ ನಿಲ್ಲಿ, ಅದೇ ‘ಸ್ಲಾಟ್’. ಪಾದಗಳ ಅಂತರ ಭುಜದ ಅಗಲಕ್ಕಿಂತ ತುಸು ಹೆಚ್ಚಿರಲಿ. ಬ್ಯಾಟರ್ ಕಡೆಯ ಪಾದ ಮುಂದೆ, ಇನ್ನೊಂದರ ಬೆರಳು ಅದರ ಹಿಮ್ಮಡಿಯ ಸಾಲಿಗೆ. ಕಣ್ಣು ಸ್ಟ್ರೈಕ್ ವಲಯದ (ಎಸೆತ ಸ್ಟ್ರೈಕ್ ಆಗಲು ಹಾದುಹೋಗಬೇಕಾದ ಜಾಗ) ಮೇಲಂಚಿನ ಎತ್ತರದಲ್ಲಿರಬೇಕು. ಅದಕ್ಕಿಂತ ಬಗ್ಗಿದರೆ ಮೊಣಕಾಲಿನ ಎತ್ತರದ ಚೆಂಡು ಕ್ಯಾಚರ್ ಮರೆಗೆ ಹೋಗುತ್ತದೆ. ಆಟ ಸಾಗಿದಂತೆ ತೊಡೆ ಸೋತು ಈ ಎತ್ತರ ಏರುಪೇರಾಗುತ್ತದೆ. ಮೊದಲ ಇನಿಂಗ್ಸ್‌ನ ಬಾಲ್ ಆರನೆಯದರಲ್ಲಿ ಸ್ಟ್ರೈಕ್ ಆಗುವುದು ಬಹುಪಾಲು ಹೀಗೇ. ಪಿಚರ್ ಕೈಯಿಂದ ಚೆಂಡು ಬಿಡುವ ಮುನ್ನವೇ ಮೈ ಸ್ತಬ್ಧವಾಗಿರಲಿ. ತಲೆ ತಿರುಗಿಸದೆ ಕಣ್ಣಿನಿಂದಷ್ಟೇ ಚೆಂಡನ್ನು ಹಿಂಬಾಲಿಸಿ. ಅದು ಗ್ಲೌಸ್ ಸೇರಿದ ಮೇಲೆಯೇ ಬಾಯಿ ತೆರೆಯಿರಿ.

ಚೆಂಡು ಬ್ಯಾಟಿಗೆ ತಗುಲಿತೇ? ಎಡಗೈಯಿಂದ ಮುಖವಾಡ ತೆಗೆಯಿರಿ, ಬಲಗೈ ಸಂಕೇತಕ್ಕೆ ಬಿಡುವಾಗಿರಲಿ. ಒಂದು ಹೆಜ್ಜೆ ಹಿಂದಿಟ್ಟು ಕ್ಯಾಚರ್‌ನ ಎಡಬದಿಯಿಂದ ಹೊರಬನ್ನಿ. ಬ್ಯಾಟರ್ ಓಡುವುದೂ ಕ್ಯಾಚರ್ ನೆರವಿಗೆ ಹೋಗುವುದೂ ಮೊದಲ ಬೇಸ್ ಕಡೆಗೆ. ಬಲಕ್ಕೆ ಹೊರಟರೆ ಡಿಕ್ಕಿ ಖಚಿತ. ಚೆಂಡು ನೆತ್ತಿಯ ಮೇಲೆ ಹಾರಿದರೆ ಕ್ಯಾಚರ್ ಯಾವ ಕಡೆ ತಿರುಗುತ್ತಾಳೆಂದು ನೋಡಿ ದಾರಿ ಬಿಡಿ.

ಬೇಸ್‌ಗಳು ಖಾಲಿಯಿದ್ದು ಚೆಂಡು ನೆಲದ ಮೇಲೆ ಉರುಳಿದರೆ ಬ್ಯಾಟರ್ ಹಿಂದೆ ಸುಮಾರು 20 ಅಡಿ ಹೋಗಿ, ಥ್ರೋ ತಲುಪುವ ಮುನ್ನ ನಿಲ್ಲಿ. ಔಟ್ ಹೇಳುವುದು ಬೇಸ್ ಅಂಪೈರ್. ನೀವು ನೋಡಬೇಕಾದ್ದು ಮೊದಲ ಬೇಸ್‌ಗೆ ಮುಂಚಿನ ಕೊನೆಯ 30 ಅಡಿಯಲ್ಲಿ ಬ್ಯಾಟರ್ ಓಡಲು ಗುರುತಿಸಿದ ಓಟದ ಪಟ್ಟಿ, ಜೊತೆಗೆ ದಿಕ್ಕು ತಪ್ಪಿದ ಥ್ರೋ.

ನಿಜವಾದ ಪರೀಕ್ಷೆ ಮೊದಲ ಬೇಸ್‌ನಲ್ಲಿ ಮಾತ್ರ ಓಟಗಾರ್ತಿ ಇದ್ದು ಚೆಂಡು ಔಟ್‌ಫೀಲ್ಡ್‌ಗೆ ಹೋದಾಗ. ಬೇಸ್ ಅಂಪೈರ್ ಬ್ಯಾಟರ್ ಮೇಲೆ ಕಣ್ಣಿಡಬೇಕು, ಹಾಗಾಗಿ ಮೂರನೇ ಬೇಸ್ ನಿಮ್ಮದು. ‘ಬಂದರೆ ಥರ್ಡ್ ನನ್ನದು’ ಎಂದು ಜೋರಾಗಿ ಕೂಗಿ ಹೇಳಿ. ಇಲ್ಲವಾದರೆ ಇಬ್ಬರೂ ಅಲ್ಲಿಗೇ ಓಡುತ್ತೀರಿ, ಅಥವಾ ಇಬ್ಬರೂ ಓಡುವುದಿಲ್ಲ. ಫೌಲ್ ಗೆರೆಯ (ಹೋಮ್‌ನಿಂದ ಮೂರನೇ ಬೇಸ್ ಕಡೆಗಿನ ಅಂಚುಗೆರೆ) ಹೊರಗಿನಿಂದಲೇ ಅರ್ಧ ದಾರಿ ದಾಟಿ ಕಾಯಿರಿ. ಆಕೆ ಎರಡನೇ ಬೇಸ್ ದಾಟಿ, ಥ್ರೋ ಕೂಡ ಅತ್ತ ಬಂದರೆ ಮುಂದೆ ಸಾಗಿ ಬೇಸ್‌ಗೆ 10-12 ಅಡಿ ಇರುವಾಗ ನಿಂತುಬಿಡಿ. ಆಕೆಯ ಓಟದ ಹಾದಿಗೆ ಅದು ಹೆಚ್ಚುಕಡಿಮೆ ಲಂಬಕೋನ. ಗ್ಲೌಸ್‌ಗೂ ಕಾಲಿಗೂ ನಡುವಿನ ಅಂತರ ಅಲ್ಲಿಂದ ಸ್ಪಷ್ಟ. ಕ್ರಿಕೆಟ್‌ನಲ್ಲಿ ರನೌಟ್ ನೋಡಲು ಅಂಪೈರ್ ಕ್ರೀಸ್‌ನ ನೇರಕ್ಕೆ ಸರಿಯುವಂತೆಯೇ ಇದು. ಇನ್ನೂ ಹತ್ತಿರ ಹೋಗುವ ಆಸೆಗೆ ಓಡುತ್ತಲೇ ತೀರ್ಪು ಕೊಡಬೇಡಿ. ಓಡುವಾಗ ಕಣ್ಣು ಕುಲುಕುತ್ತದೆ. ಇನ್ನೂ ಐದು ಅಡಿ ಹೆಚ್ಚು ದೂರವೇ ಆಗಲಿ, ನಿಂತು ನೋಡಿದ್ದೇ ಮೇಲು.

ಥ್ರೋ ಕೈತಪ್ಪಿ ಆಕೆ ಹೋಮ್‌ಗೆ ತಿರುಗಿದರೆ ನೀವೂ ಹಿಂದಿರುಗಬೇಕು. ಗೆರೆಯ ಹೊರಗಿದ್ದರೆ ಆಕೆಗೆ ಅಡ್ಡವಾಗುವುದಿಲ್ಲ. ಚೆಂಡಿನ ಮೇಲಿನ ಕಣ್ಣು ತೆಗೆಯದೆ ಓಡಿ.

ಹೋಮ್‌ನಲ್ಲಿ ಟ್ಯಾಗ್ (ಚೆಂಡಿರುವ ಗ್ಲೌಸ್‌ನಿಂದ ಓಟಗಾರ್ತಿಯನ್ನು ಮುಟ್ಟುವುದು) ನೋಡಲೂ ಅದೇ 10-12 ಅಡಿ, ಅದೇ ಲಂಬಕೋನ. ಆದರೆ ಒಂದೇ ಜಾಗಕ್ಕೆ ಅಂಟಿಕೊಳ್ಳಬೇಡಿ. ಕ್ಯಾಚರ್ ಬೆನ್ನು ಅಡ್ಡ ಬಂದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಚೆಂಡು ಕೈಸೇರುವ ಮೊದಲೇ ಕ್ಯಾಚರ್ ಓಟಗಾರ್ತಿಯ ದಾರಿ ಕಟ್ಟಿದ್ದಾಳೆಯೇ ಎಂಬುದನ್ನೂ ಇಲ್ಲಿಂದಲೇ ನೋಡಬೇಕು. ಟ್ಯಾಗ್ ಆದ ಮೇಲೆ ಚೆಂಡು ಗ್ಲೌಸ್‌ನಲ್ಲೇ ಉಳಿದಿದೆ ಎಂದು ಖಾತ್ರಿಯಾಗುವವರೆಗೆ ಔಟ್ ಎಂದು ಮುಷ್ಟಿ ಎತ್ತಬೇಡಿ.