ಮಳೆ ಲೆಕ್ಕಕ್ಕೊಂದು ಮೇಲಿಂಗ್ ಲಿಸ್ಟ್: ನನ್ನ ಅನುಭವ

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್ ಲೆಕ್ಕದಲ್ಲೇ ಹೇಳುತ್ತಾರೆ. ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್. ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮೊದಲ ಹೂಮಳೆ ಪಕ್ಕದ ಊರಿಗೆ ಒಂದು ಇಂಚು ಇಪ್ಪತ್ತು ಸೆಂಟ್ ಬಿದ್ದು ನಮ್ಮ ತೋಟಕ್ಕೆ ಹದಿನೈದು ಸೆಂಟ್ ಮಾತ್ರ ಸಿಕ್ಕಿದರೆ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೂಡುವುದೋ ಇನ್ನೆರಡು ದಿನ ಕಾಯುವುದೋ ಎಂದು ತೀರ್ಮಾನಿಸಲು ಸುತ್ತಲಿನ ಹತ್ತಾರು ಮಾಪಕಗಳ ಅಂಕಿ ಬೇಕಾಗುತ್ತದೆ. ಸುಂಟಿಕೊಪ್ಪದ ಬಳಿ ಸಣ್ಣ ತೋಟವಿರುವ, ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನಾನು ಈ ಅಂಕಿಗಳನ್ನು ಒಂದೆಡೆ ಸೇರಿಸಲೆಂದು 2011ರಲ್ಲಿ ಆರಂಭಿಸಿದ ಇಮೇಲ್ ಪಟ್ಟಿ ಈಗಲೂ ನಡೆಯುತ್ತಿದೆ. ಅದನ್ನು ಕಟ್ಟುವಾಗ ಮಾಡಿದ ತಪ್ಪುಗಳ ಪೈಕಿ ಹೆಚ್ಚಿನವು ನನ್ನವೇ.

ಮೊದಲ ವರ್ಷ ಪಟ್ಟಿ ಎಂಬುದೇನೂ ಇರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿ, ಪರಿಚಯದ ಮೂವತ್ತು ಜನರ ವಿಳಾಸಗಳನ್ನು ಸಿಸಿ ಸಾಲಿನಲ್ಲಿ ತುಂಬಿ ಕಳುಹಿಸುತ್ತಿದ್ದೆ. ಒಬ್ಬರು ಎಲ್ಲರಿಗೂ ಉತ್ತರಿಸುವರು, ಇನ್ನೊಬ್ಬರು ಹಳೆಯ ಪತ್ರವನ್ನು ತೆರೆದು ಅದರಲ್ಲಿದ್ದ ಇಪ್ಪತ್ತೆರಡು ಜನರಿಗೆ ಮಾತ್ರ ಬರೆಯುವರು. ಹೀಗೆ ಎರಡೇ ತಿಂಗಳಲ್ಲಿ ಯಾರ ಬಳಿ ಯಾವ ಪಟ್ಟಿಯಿದೆ ಎಂಬುದೇ ತಿಳಿಯದಾಯಿತು. ವಿಳಾಸಗಳನ್ನು, ಒಬ್ಬರದು ಇನ್ನೊಬ್ಬರಿಗೆ ಕಾಣದ ಬಿಸಿಸಿ ಸಾಲಿಗೆ ಸರಿಸಿದಾಗ ಗುಟ್ಟು ಉಳಿಯಿತು, ಆದರೆ ಉತ್ತರಗಳೆಲ್ಲ ನನ್ನೊಬ್ಬನಿಗೇ ಬರತೊಡಗಿದವು, ಅವನ್ನು ಕೂಡಿಸಿ ಮತ್ತೆ ಕಳುಹಿಸುವ ಗುಮಾಸ್ತಿಕೆ ನನ್ನ ಪಾಲಿಗೆ ಬಂತು. ಒಂದು ಗುಂಪು ಹತ್ತು ಹದಿನೈದು ಜನರನ್ನು ದಾಟಿ, ಅವರು ತಮ್ಮತಮ್ಮಲ್ಲೂ ಮಾತಾಡಬೇಕೆಂದಾದರೆ, ಸಿಸಿ-ಬಿಸಿಸಿಯ ಕಾಲ ಮುಗಿಯಿತೆಂದೇ ತಿಳಿಯಬೇಕು.

2012ರಲ್ಲಿ ಒಂದು ಡೊಮೈನ್, ಅಂದರೆ ಅಂತರ್ಜಾಲದಲ್ಲಿ ನಮ್ಮದೇ ಒಂದು ಹೆಸರು, ಕೊಂಡು, ಅದರ ಹೋಸ್ಟಿಂಗ್ ಜೊತೆಗೇ ಬರುತ್ತಿದ್ದ ಮೇಲ್‌ಮ್ಯಾನ್ 2.1 ತಂತ್ರಾಂಶದಲ್ಲಿ ಲಿಸ್ಟ್ ತೆರೆದೆ. ಒಂದೇ ವಿಳಾಸಕ್ಕೆ ಬರೆದ ಪತ್ರವನ್ನು ಅದು ಎಲ್ಲ ಸದಸ್ಯರಿಗೂ ಹಂಚುತ್ತದೆ, ಕಡತದಲ್ಲಿ ಇಡುತ್ತದೆ, ಸೇರುವ ಮತ್ತು ಬಿಡುವ ಕೆಲಸವನ್ನು ಸದಸ್ಯರ ಕೈಗೇ ಕೊಡುತ್ತದೆ. ತೆರೆಯಲು ಹತ್ತು ನಿಮಿಷ ಸಾಕು, ಆದರೆ ಅದರೊಳಗಿನ ಆಯ್ಕೆಗಳನ್ನು ಓದದೆ ಮುಂದುವರಿದರೆ ಮುಂದೆ ವರ್ಷಗಟ್ಟಲೆ ದಂಡ ಕಟ್ಟಬೇಕಾಗುತ್ತದೆ. ಉದಾಹರಣೆಗೆ, ನಾವು ಹೇಳದಿದ್ದರೆ ಹಳೆಯ ಪತ್ರಗಳ ಕಡತ ಯಾರು ಬೇಕಾದರೂ ನೋಡುವಂತೆ ತೆರೆದಿರುತ್ತದೆ. ಯಾರ ತೋಟದಲ್ಲಿ ಎಷ್ಟು ಕಾಫಿ ಕಣದಲ್ಲಿ ಒಣಗುತ್ತಿದೆ ಎಂಬ ಮಾತೂ ಬಂದು ಹೋಗುವ ಪಟ್ಟಿಯಲ್ಲಿ ಅದನ್ನು ಮೊದಲ ದಿನವೇ ಮುಚ್ಚಬೇಕು. ಇನ್ನೊಂದು ಆಯ್ಕೆಯ ಪ್ರಕಾರ ಪ್ರತಿ ತಿಂಗಳ ಒಂದನೆಯ ತಾರೀಖು ಸದಸ್ಯರೆಲ್ಲರಿಗೂ ಅವರ ಪಾಸ್‌ವರ್ಡ್ ಸಾದಾ ಅಕ್ಷರದಲ್ಲಿ ಅಂಚೆಯಾಗುತ್ತಿತ್ತು. ನಾನು ಅದನ್ನು ನಿಲ್ಲಿಸುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು, ಮೂರು ಸಲವೂ "ಮೇಷ್ಟ್ರೇ, ಯಾರೋ ನನ್ನ ಪಾಸ್‌ವರ್ಡ್ ಕದ್ದಿದ್ದಾರೆ" ಎಂಬ ಕರೆಗಳಿಗೆ ಉತ್ತರಿಸುವುದರಲ್ಲೇ ಬೆಳಗು ಕಳೆಯಿತು.

ಸದಸ್ಯರನ್ನು ಸೇರಿಸುವ ವಿಷಯದಲ್ಲಿ ನಾನು ಮಾಡಿದ್ದು ಶುದ್ಧ ಅವಸರ. ಬೆಳೆಗಾರರ ಸಭೆಯೊಂದರ ಹಾಜರಿ ಪುಸ್ತಕದಲ್ಲಿ ಎಂಬತ್ತು ಜನ ಇಮೇಲ್ ವಿಳಾಸ ಬರೆದಿದ್ದರು. ಅದನ್ನು ಕಂಡು ಹಿಗ್ಗಿ, ರಾತ್ರಿ ಕೂತು ಎಲ್ಲವನ್ನೂ ಟೈಪ್ ಮಾಡಿ ಒಮ್ಮೆಗೇ ಪಟ್ಟಿಗೆ ತಳ್ಳಿದೆ. ಕೈಬರಹದ 1 ಅಂಕಿಯೋ ಎಲ್ ಅಕ್ಷರವೋ ತಿಳಿಯದೆ ಬರೆದ ವಿಳಾಸಗಳಲ್ಲಿ ಹದಿನೇಳು ಮರುದಿನವೇ ತಿರುಗಿ ಬಂದವು. ಅದಕ್ಕಿಂತ ಕೆಟ್ಟದ್ದೆಂದರೆ, ವಿಳಾಸ ಬರೆದ ಮಾತ್ರಕ್ಕೆ ದಿನವೂ ಪತ್ರ ಬರಲಿ ಎಂದು ಯಾರೂ ಒಪ್ಪಿರಲಿಲ್ಲ, ಹಾಗಾಗಿ ಹಲವರು ನನಗೆ ಒಂದು ಮಾತೂ ಹೇಳದೆ ಸ್ಪ್ಯಾಮ್ ಗುಂಡಿ ಒತ್ತಿದರು. ಆ ಗುಂಡಿ ಒತ್ತಿದ ಪರಿಣಾಮ ಒತ್ತಿದವರ ಪೆಟ್ಟಿಗೆಯಲ್ಲೇ ನಿಲ್ಲುವುದಿಲ್ಲ, ಕಳುಹಿಸುವ ಡೊಮೈನಿನ ಹೆಸರೇ ಕೆಡುತ್ತದೆ. ತಿಂಗಳೊಳಗೆ, ಪ್ರೀತಿಯಿಂದ ಓದುತ್ತಿದ್ದವರ ಪತ್ರಗಳೂ ಸ್ಪ್ಯಾಮ್ ಫೋಲ್ಡರಿಗೆ ಬೀಳತೊಡಗಿದವು. ಎಂಬತ್ತೂ ಹೆಸರುಗಳನ್ನು ತೆಗೆದು, ಒಬ್ಬೊಬ್ಬರಿಗೂ ಆಹ್ವಾನ ಕಳುಹಿಸಿ, ಬಂದ ದೃಢೀಕರಣ ಪತ್ರಕ್ಕೆ ಅವರೇ ಉತ್ತರಿಸಿದರೆ ಮಾತ್ರ ಹೆಸರು ಸೇರುವಂತೆ ಮಾಡಿದೆ. ಉಳಿದವರು ಇಪ್ಪತ್ತಾರು ಜನ, ಆದರೆ ಆ ಇಪ್ಪತ್ತಾರು ಜನರಲ್ಲಿ ಬಹುಪಾಲು ಇಂದಿಗೂ ಇದ್ದಾರೆ. ಅಂದಿನಿಂದ ನನ್ನ ಸ್ವಂತ ತಮ್ಮನ ಹೆಸರನ್ನೂ ನಾನಾಗಿ ಸೇರಿಸಿಲ್ಲ.

ಉತ್ತರ ಎಲ್ಲಿಗೆ ಹೋಗಬೇಕು ಎಂಬುದು ಲಿಸ್ಟ್ ನಡೆಸುವವರ ಹಳೆಯ ಜಗಳ. ಮೇಲ್‌ಮ್ಯಾನ್ ಸಹಜವಾಗಿ ಬರೆದವರಿಗೇ ಉತ್ತರ ಹೋಗುವಂತೆ ಇಟ್ಟಿರುತ್ತದೆ. ಚರ್ಚೆ ಬೆಳೆಯಲಿ ಎಂಬ ಆಸೆಯಿಂದ ನಾನು ಅದನ್ನು ಇಡೀ ಲಿಸ್ಟಿಗೆ ಹೋಗುವಂತೆ ಬದಲಿಸಿದೆ. ಚರ್ಚೆ ಬೆಳೆದದ್ದು ನಿಜ. ಆದರೆ ಒಂದು ಸಂಜೆ ಹಿರಿಯ ಸದಸ್ಯರೊಬ್ಬರು ಕಾಫಿ ವ್ಯಾಪಾರಿಯೊಬ್ಬರು ಔಟರ್ನ್ (ಒಣ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ಲೆಕ್ಕದಲ್ಲಿ ತಮಗೆ ಮಾಡಿದ ಮೋಸವನ್ನು ಹೆಸರು ಹಿಡಿದು ಗೆಳೆಯರಿಗೆ ತೋಡಿಕೊಂಡದ್ದು ನೂರಾರು ಮನೆಗಳಿಗೆ ತಲುಪಿತು, ಆ ವ್ಯಾಪಾರಿಯ ಅಳಿಯನೂ ನಮ್ಮ ಸದಸ್ಯನೇ ಆಗಿದ್ದ. ಕಳುಹಿಸಿದ ಪತ್ರವನ್ನು ಎಲ್ಲರ ಪೆಟ್ಟಿಗೆಯಿಂದ ಹಿಂದಕ್ಕೆ ಕರೆಯುವ ದಾರಿ ಮೇಲಿಂಗ್ ಲಿಸ್ಟಿನಲ್ಲಿ ಇಲ್ಲ. ಅದೇ ತಿಂಗಳು ರಜೆಯಲ್ಲಿದ್ದ ಸದಸ್ಯರೊಬ್ಬರ ಕಚೇರಿ ಅಂಚೆ "ನಾನು ಊರಲ್ಲಿಲ್ಲ" ಎಂದು ತಾನೇ ಉತ್ತರಿಸತೊಡಗಿ, ಆ ಉತ್ತರ ಲಿಸ್ಟಿಗೆ ಬಂದು, ಲಿಸ್ಟ್ ಅದನ್ನು ಅವರಿಗೂ ಹಂಚಿ, ಅದಕ್ಕೆ ಅದು ಮತ್ತೆ ಉತ್ತರಿಸಿ, ಬೆಳಗಾಗುವಷ್ಟರಲ್ಲಿ ನಲವತ್ತೊಂದು ಪತ್ರಗಳಾಗಿದ್ದವು. ಸರಿಯಾಗಿ ಬರೆದ ತಂತ್ರಾಂಶ ಲಿಸ್ಟಿನ ಪತ್ರವೆಂದು ಗುರುತಿಸಿ ಸುಮ್ಮನಿರುತ್ತದೆ, ಆದರೆ ಎಲ್ಲವೂ ಸರಿಯಾಗಿ ಬರೆದವಲ್ಲ. ಆಯ್ಕೆಯನ್ನು ಮೊದಲಿದ್ದಂತೆಯೇ ಮಾಡಿದೆ. ಎಲ್ಲರಿಗೂ ಹೇಳಬೇಕೆಂದಿರುವವರು ಒಂದು ಗುಂಡಿ ಹೆಚ್ಚು ಒತ್ತಲಿ, ಅದರಿಂದ ಯಾರ ಮಾನವೂ ಹೋಗುವುದಿಲ್ಲ.

ಕನ್ನಡದ ತೊಡಕುಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ಸಿಗುವುದಿಲ್ಲ. ಕೆಲವರು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸುತ್ತಿದ್ದರು. ಆ ಫಾಂಟ್ ಇಲ್ಲದವರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು, ಯೂನಿಕೋಡ್ ಹೊರತು ಬೇರೆ ಬೇಡ ಎಂಬ ನಿಯಮ ಮಾಡಿದ ಮೇಲೆ ಅದು ಮುಗಿಯಿತು. ಎರಡನೆಯದು ಲಿಸ್ಟಿನ ಭಾಷೆ. ಹಳೆಯ ಮೇಲ್‌ಮ್ಯಾನಿನಲ್ಲಿ ಇಂಗ್ಲಿಷ್ ಲಿಸ್ಟ್ ಎಂದರೆ ಆಸ್ಕಿ ಎಂಬ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ, ಹಾಗಾಗಿ ನಾನು ಹೆಮ್ಮೆಯಿಂದ ಇಟ್ಟ ಕನ್ನಡದ ಅಡಿಟಿಪ್ಪಣಿ ಪತ್ರದ ಕೆಳಗೆ ಕೂರದೆ ಪ್ರತ್ಯೇಕ ಅಟ್ಯಾಚ್‌ಮೆಂಟ್ ಆಗಿ ತೂಗಾಡುತ್ತಿತ್ತು, ವಿಷಯದ ಸಾಲಿನ ಮುಂದೆ ಇಟ್ಟ "ಮಳೆ" ಎಂಬ ಪದ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. ಮೂರನೆಯದು ಗಾತ್ರ. ಅದರಲ್ಲಿ ಒಂದು ಪತ್ರಕ್ಕೆ ಸಹಜ ಮಿತಿ 40 ಕೆಬಿ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. "ಕ್ಷ" ಒಂದೇ ಅಕ್ಷರವಾಗಿ ಕಂಡರೂ ಒಳಗೆ ಕ, ವಿರಾಮ, ಷ ಎಂಬ ಮೂರು ಚಿಹ್ನೆಗಳಾಗಿ 9 ಬೈಟ್ ತಿನ್ನುತ್ತದೆ, ಅಂಚೆಯಲ್ಲಿ ಸಾಗಲು ಅದನ್ನು ಸಾದಾ ಇಂಗ್ಲಿಷ್ ಅಕ್ಷರಗಳ ಬೇಸ್64 ರೂಪಕ್ಕೆ ಬದಲಿಸಿದಾಗ 12 ಆಗುತ್ತದೆ. ಹೀಗಾಗಿ ಕಾಫಿ ಗಿಡದ ಕೀಟವಾದ ಬಿಳಿ ಕಾಂಡಕೊರಕದ ಬಗ್ಗೆ ಯಾರೋ ಶ್ರದ್ಧೆಯಿಂದ ಬರೆದ ನಾಲ್ಕು ಪುಟದ ಪತ್ರ, ಹಿಂದಿನ ಪತ್ರಗಳ ಬಾಲವನ್ನೂ ಎಳೆದುಕೊಂಡು, ಮಿತಿ ಮೀರಿ ನನ್ನ ಒಪ್ಪಿಗೆಗಾಗಿ ಕಾದು ಬಿದ್ದಿರುತ್ತಿತ್ತು. ಮಿತಿಯನ್ನು 200 ಕೆಬಿಗೆ ಏರಿಸಿದೆ. ಫೋಟೊಗಳಿಗೆ ಅದು ಇಂದಿಗೂ ಸಾಲದು, ಸಾಲಬಾರದೆಂದೇ ಇಟ್ಟಿದ್ದೇನೆ. ಮಾಪಕದ ಫೋಟೊ ಯಾರಿಗೂ ಬೇಕಿಲ್ಲ, ಅಂಕಿ ಬೇಕು.

2014ರ ಏಪ್ರಿಲ್ ತಿಂಗಳನ್ನು ಲಿಸ್ಟ್ ನಡೆಸಿದ ಯಾರೂ ಮರೆತಿರಲಾರರು. ಯಾಹೂ ತನ್ನ ಡೊಮೈನಿಗೆ ಡಿಮಾರ್ಕ್ ನೀತಿಯನ್ನು, ಅಂದರೆ ತನ್ನ ಹೆಸರಿನಲ್ಲಿ ಬರುವ ಖೋಟಾ ಪತ್ರಗಳನ್ನು ಏನು ಮಾಡಬೇಕೆಂದು ಹೇಳುವ ನಿಯಮವನ್ನು, "ತಿರಸ್ಕರಿಸು" ಎಂದು ಬದಲಿಸಿತು. ಯಾಹೂ ವಿಳಾಸದಿಂದ ಬಂದಂತೆ ಕಾಣುವ ಪತ್ರ ಯಾಹೂ ಸರ್ವರಿನಿಂದ ಬಂದಿರದೆ, ಪತ್ರ ಬದಲಾಗಿಲ್ಲವೆಂದು ತೋರಿಸುವ ಅದರ ಡಿಕಿಮ್ ಸಹಿಯೂ ಹೊಂದದಿದ್ದರೆ, ಅದನ್ನು ಸ್ವೀಕರಿಸಬೇಡಿ ಎಂಬುದು ಅದರ ಅರ್ಥ. ಮೇಲಿಂಗ್ ಲಿಸ್ಟ್ ಮಾಡುವುದೇ ಆ ಕೆಲಸ: ನಾಪೋಕ್ಲಿನ ಸದಸ್ಯರ ಯಾಹೂ ಪತ್ರವನ್ನು ಪಡೆದು, ವಿಷಯದ ಸಾಲಿಗೆ ಗುರುತು ಸೇರಿಸಿ, ಕೆಳಗೆ ಟಿಪ್ಪಣಿ ಅಂಟಿಸಿ, ನಮ್ಮ ಸರ್ವರಿನಿಂದ ಅವರದೇ ಹೆಸರಿನಲ್ಲಿ ಹಂಚುತ್ತದೆ. ಸಹಿ ಮುರಿಯಿತು, ಸರ್ವರೂ ಬೇರೆ. ಜಿಮೇಲ್ ಅವನ್ನು ತಿರಸ್ಕರಿಸತೊಡಗಿತು, ತಿರಸ್ಕಾರದ ಲೆಕ್ಕ ಬಿದ್ದದ್ದು ಮಾತ್ರ ಏನೂ ಅರಿಯದ ಜಿಮೇಲ್ ಸದಸ್ಯರ ಮೇಲೆ. ಪತ್ರ ಪೂರ್ತಿ ತಿರುಗಿ ಬಂದ ದಿನಕ್ಕೆ ಮೇಲ್‌ಮ್ಯಾನ್ ಒಂದು ಅಂಕ ಹಾಕುತ್ತದೆ, ಅಂಕ 5 ತಲುಪಿದರೆ ಆ ವಿಳಾಸಕ್ಕೆ ಅಂಚೆ ನಿಲ್ಲಿಸುತ್ತದೆ. ನಾಪೋಕ್ಲಿನವರು ಬಹಳ ಶಿಸ್ತಿನವರು, ದಿನ ತಪ್ಪದೆ ಅಂಕಿ ಕಳುಹಿಸುವವರು. ಅವರ ಶಿಸ್ತಿನಿಂದಲೇ ಒಂದು ವಾರದಲ್ಲಿ ಅರವತ್ತಕ್ಕೂ ಹೆಚ್ಚು ಜನರಿಗೆ ಲಿಸ್ಟ್ ಬಂದ್ ಆಯಿತು. ಕಾರಣ ತಿಳಿಯುವ ಮೊದಲು ನಾನು ಅವರಿಗೆ ಫೋನ್ ಮಾಡಿ, ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿರಬೇಕು ಎಂದುಬಿಟ್ಟಿದ್ದೆ, ಆಮೇಲೆ ಕ್ಷಮೆ ಕೇಳಿದೆ. ಮುಂದಿನ ತಿಂಗಳು ಬಂದ ಮೇಲ್‌ಮ್ಯಾನ್ 2.1.18ರಲ್ಲಿ, ಇಂಥ ನೀತಿಯಿರುವ ಡೊಮೈನಿನ ಪತ್ರಗಳಿಗೆ ಮಾತ್ರ ಕಳುಹಿಸಿದವರ ಜಾಗದಲ್ಲಿ ಲಿಸ್ಟಿನ ವಿಳಾಸ ಹಾಕುವ ಆಯ್ಕೆಯಿತ್ತು. ಹೋಸ್ಟಿಂಗ್‌ನವರು ಅದನ್ನು ಅಳವಡಿಸುವವರೆಗೆ ಯಾಹೂ ಸದಸ್ಯರ ಅಂಕಿಗಳನ್ನು ನಾನೇ ಟೈಪ್ ಮಾಡಿ ಕಳುಹಿಸುತ್ತಿದ್ದೆ.

2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ನಮ್ಮಲ್ಲಿ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಜಿಮೇಲಿನಂಥ ಪೆಟ್ಟಿಗೆಗಳು ಇರುವುದು ಬೇರೆಲ್ಲೋ ಆದ್ದರಿಂದ ಪತ್ರಗಳು ತಿರುಗಿ ಬರಲಿಲ್ಲ, ಕಾದು ಕೂತವು. ತೊಂದರೆ ಬಂದದ್ದು ಹೊರಗಿನಿಂದ: ಬೆಂಗಳೂರಿನಲ್ಲಿರುವ ಸದಸ್ಯರು ಆತಂಕದಿಂದ, ಅಣೆಕಟ್ಟು ಒಡೆಯಿತಂತೆ, ಆ ರಸ್ತೆ ಹೋಯಿತಂತೆ ಎಂದು ಕೇಳಿದ್ದನ್ನೆಲ್ಲ ಹಂಚತೊಡಗಿದರು. ಮೇಲ್‌ಮ್ಯಾನಿನಲ್ಲಿ ತುರ್ತು ಮಾಡರೇಶನ್ ಎಂಬ ಒಂದೇ ಗುಂಡಿಯಿದೆ, ಒತ್ತಿದರೆ ಯಾರ ಪತ್ರವೂ ಮಾಡರೇಟರ್ ನೋಡದೆ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು, ಆದರೆ ಒತ್ತಬೇಕಾದ ನಾನು ನೆಟ್‌ವರ್ಕ್ ಇಲ್ಲದ ಮನೆಯಲ್ಲಿದ್ದೆ. ಮೂರನೆಯ ದಿನ ಕುಶಾಲನಗರಕ್ಕೆ ಇಳಿದು ಫೋನಿನಲ್ಲಿ ಒತ್ತುವ ಹೊತ್ತಿಗೆ ಸುಳ್ಳು ಸುದ್ದಿಗಳೆಲ್ಲ ಮನೆ ಸೇರಿದ್ದವು. ಆ ತಿಂಗಳೇ ಮೈಸೂರಿನಲ್ಲಿರುವ ಸದಸ್ಯೆಯೊಬ್ಬರನ್ನು ಎರಡನೆಯ ನಿರ್ವಾಹಕರನ್ನಾಗಿ ಮಾಡಿದೆ. ಇಬ್ಬರು ನಿರ್ವಾಹಕರೂ ಒಂದೇ ಮಳೆಯಲ್ಲಿ ನೆನೆಯುವವರಾಗಿರಬಾರದು.

ಹಳೆಯ ಮೇಲ್‌ಮ್ಯಾನಿಗೆ ಬೇಕಾದ ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಯ ಬೆಂಬಲ 2020ರ ಜನವರಿ 1ಕ್ಕೆ ಮುಗಿದಿದ್ದರಿಂದ, ಸಣ್ಣದೊಂದು ಸರ್ವರ್ ಬಾಡಿಗೆಗೆ ಪಡೆದು ಮೇಲ್‌ಮ್ಯಾನ್ 3ಕ್ಕೆ ಹೋದೆವು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ, ಪತ್ರ ನಮ್ಮಿಂದಲೇ ಬಂದದ್ದೆಂದು ತೋರಿಸುವ ದಾಖಲೆಗಳನ್ನು ಬರೆದದ್ದು, ಸರ್ವರಿನ ಐಪಿಗೆ, ಅಂದರೆ ಅದರ ಅಂತರ್ಜಾಲ ಸಂಖ್ಯೆಗೆ, ರಿವರ್ಸ್ ಡಿಎನ್‌ಎಸ್ ಹೆಸರು ಕೊಡಿಸಿದ್ದು ಎರಡು ಸಂಜೆಗಳ ಕೆಲಸ. ಹೊಸ ಐಪಿಯನ್ನು ದೊಡ್ಡ ಕಂಪನಿಗಳು ನಂಬಲು ಎರಡು ತಿಂಗಳು ಹಿಡಿಯಿತು.

2024ರ ಫೆಬ್ರವರಿಯಲ್ಲಿ ಜಿಮೇಲ್ ಮತ್ತು ಯಾಹೂ ಹೊಸ ನಿಯಮಗಳನ್ನು ಜಾರಿಗೆ ತಂದಾಗ, ದಿನಕ್ಕೆ 5,000 ಪತ್ರ ಕಳುಹಿಸುವವರಿಗೆ ಜಿಮೇಲ್ ಹೇಳಿದ ಕಟ್ಟುಪಾಡು ನಮಗೇಕೆ ಎಂದುಕೊಂಡಿದ್ದೆ. ಲೆಕ್ಕದ ಮೇಷ್ಟ್ರಾಗಿ ಗುಣಾಕಾರ ಮರೆತಿದ್ದೆ. ನಮ್ಮ 230 ಸದಸ್ಯರಲ್ಲಿ ಜಿಮೇಲಿನವರು 190. ಲಿಸ್ಟಿಗೆ ಬರುವ ಒಂದು ಪತ್ರ ಅಲ್ಲಿಗೆ 190 ಪತ್ರಗಳಾಗಿ ಹೋಗುತ್ತದೆ. ಮಳೆಗಾಲದ ಜೋರು ದಿನ 30 ವರದಿ ಬಂದರೆ 5,700. ಒಮ್ಮೆ ಮಿತಿ ಮುಟ್ಟಿದ ಡೊಮೈನನ್ನು ಜಿಮೇಲ್ ಶಾಶ್ವತವಾಗಿ ದೊಡ್ಡ ಕಳುಹಿಸುವವರ ಸಾಲಿಗೇ ಸೇರಿಸುತ್ತದೆ. ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದೆಂಬ ನಿಯಮವೂ ಇದೆ, ಪತ್ರ ಕಡಿಮೆಯಿರುವ ದಿನ 190ರಲ್ಲಿ ಒಬ್ಬರು ಆ ಗುಂಡಿ ಒತ್ತಿದರೂ ಅದು 0.5 ದಾಟುತ್ತದೆ. ಹಾಗಾಗಿ ಎಲ್ಲರನ್ನೂ ಕೇಳಿ, ಹೆಚ್ಚಿನವರನ್ನು ದಿನಕ್ಕೊಂದೇ ಕಟ್ಟಾಗಿ ಬರುವ ಡೈಜೆಸ್ಟಿಗೆ ಬದಲಿಸಿದೆ. ಬೆಳಗಿನ ಹತ್ತು ಗಂಟೆಯೊಳಗೆ ಅಂಕಿ ಬೇಕೆನ್ನುವ ನಲವತ್ತು ಜನರಿಗೆ ಮಾತ್ರ ಬಿಡಿ ಪತ್ರಗಳು ಹೋಗುತ್ತವೆ. ಲಿಸ್ಟ್ ಬಿಡುವ ಕೊಂಡಿಯನ್ನು ಪತ್ರದ ಕೆಳಗೆ ಸಣ್ಣಕ್ಷರದಲ್ಲಿ ಅಲ್ಲ, ಮೊದಲ ಸಾಲಾಗಿಯೇ ಇಟ್ಟಿದ್ದೇನೆ, ಏಕೆಂದರೆ ಹೋಗುವ ಬಾಗಿಲು ಕಾಣದವರೇ ಸ್ಪ್ಯಾಮ್ ಗುಂಡಿ ಒತ್ತುವವರು.

ಈಗ ನನ್ನ ಕೆಲಸ ದಿನಕ್ಕೆ ಹತ್ತು ನಿಮಿಷ. ಮಾಪಕ ನೋಡಿ ಬಂದು, ತಡೆದಿಟ್ಟ ಪತ್ರಗಳನ್ನು ಬಿಡುತ್ತೇನೆ ಅಥವಾ ತೆಗೆಯುತ್ತೇನೆ, ಆಮೇಲೆ ಬೌನ್ಸ್, ಅಂದರೆ ತಿರುಗಿ ಬಂದ ಪತ್ರಗಳ ಮೇಲಿನ ಸಂಕೇತ ಸಂಖ್ಯೆ, ನೋಡುತ್ತೇನೆ. 550 ಎಂದರೆ ಬಹುಪಾಲು ವಿಳಾಸವೇ ಇಲ್ಲ, 452 ಎಂದರೆ ಪೆಟ್ಟಿಗೆ ತುಂಬಿರಬಹುದು, ಕಾಯಬಹುದು. ಯಂತ್ರ ಒಂದು ಹೆಸರನ್ನು ನಿಲ್ಲಿಸಿದರೆ ನಾನು ಅಳಿಸುವ ಮೊದಲು ಫೋನ್ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಭಾಗಮಂಡಲದ ಕಡೆಯ ಹಿರಿಯರೊಬ್ಬರ ಪೆಟ್ಟಿಗೆ ತುಂಬಿದೆ ಎಂದು ವಾರವಿಡೀ ಬರುತ್ತಿತ್ತು. ಕರೆಯನ್ನು ಅವರ ಮಗಳು ಎತ್ತಿದರು. "ಅಪ್ಪ ತೀರಿಕೊಂಡು ತಿಂಗಳಾಯ್ತು ಅಂಕಲ್, ಆ ಇಮೇಲ್ ಯಾರೂ ನೋಡ್ತಾ ಇಲ್ಲ" ಎಂದರು. ಹೆಸರು ತೆಗೆಯುತ್ತೇನೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಮಾಪಕ ಅಂಗಳದಲ್ಲೇ ಇದೆ, ತೋಟದ ಲೆಕ್ಕ ಬರೆಯುವ ರೈಟರ್ ದಿನಾ ನೋಡಿ ಬರೆದಿಡುತ್ತಿದ್ದಾರೆ, ನನ್ನ ವಿಳಾಸ ಸೇರಿಸಬಹುದಾ ಎಂದು ಕೇಳಿದರು. ನಾನಾಗಿ ಸೇರಿಸುವುದಿಲ್ಲ, ದೃಢೀಕರಣದ ಪತ್ರ ಬರುತ್ತದೆ, ಅದಕ್ಕೆ ನೀವೇ ಉತ್ತರಿಸಬೇಕು ಎಂದು ಹೇಳಿದೆ. ಸಂಜೆಯೊಳಗೆ ಉತ್ತರ ಬಂದಿತ್ತು. ಮರುದಿನ ಎಂಟು ನಲವತ್ತಕ್ಕೆ ಅವರ ಮೊದಲ ವರದಿ ಬಂತು, ನಾಲ್ಕು ಇಂಚು ಅರವತ್ತು ಸೆಂಟ್.